‘ಮತ್ತೆ ಬರಲಿಲ್ಲ’ ಎಂದು ಬರೆಸಿಕೊಂಡ ಒಂಬತ್ತು ಮಕ್ಕಳು

ಆಸ್ಪತ್ರೆಯ ಲೈಬ್ರರಿಯನ್‌ಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನು? ದೊಡ್ಡ ಡಾಕ್ಟರ ವಿದೇಶದ ಸಮ್ಮೇಳನಕ್ಕೆಂದು ಹದಿನೈದು ದಿನದಿಂದ ಕಂಪ್ಯೂಟರಿನಿಂದ ಕಣ್ಣು ಕೀಳದೆ ಕೂತವಳು ಅವಳು. ಹುಟ್ಟುವಾಗಲೇ ಕಿಡ್ನಿಯಿಂದ ಮೂತ್ರ ಇಳಿಯುವ ದಾರಿ ಕಟ್ಟಿಕೊಂಡ ಮಕ್ಕಳ ಬಗ್ಗೆ ಇಪ್ಪತ್ತು ವರ್ಷದಲ್ಲಿ ಯಾವ ದೇಶ ಎಷ್ಟು ಪ್ರಬಂಧ ಬರೆದಿದೆ, ಮೊದಲು ಕೊಯ್ಯೋಣ ಅಂತಿದ್ದವರು ಎಷ್ಟು ಮಂದಿ ಈಗ ಕಾದು ನೋಡೋಣ ಅನ್ನುತ್ತಿದ್ದಾರೆ, ಎಲ್ಲವನ್ನೂ ಬಣ್ಣಬಣ್ಣದ ನಕ್ಷೆಗಿಳಿಸಿದ್ದಳು.

ಕೊನೆಗೆ ತಮ್ಮದೇ ಆಸ್ಪತ್ರೆಯ ಪ್ರಬಂಧದ ಅಂಕಿ ತಾಳೆ ನೋಡಲು ಮೂಲಪಟ್ಟಿ ತೆರೆದಳು. ಕಾದು ನೋಡಿದ ಅರವತ್ತು ಮಕ್ಕಳು. ಒಂಬತ್ತು ಮಕ್ಕಳ ಮುಂದೆ ‘ಮತ್ತೆ ಬರಲಿಲ್ಲ’. ಅದರಲ್ಲೊಂದು ಗಂಡುಮಗು, ಎಡ ಕಿಡ್ನಿ, ಹುಟ್ಟಿದ ತಾರೀಖು... ಅಯ್ಯೋ, ಅಕ್ಕನ ಮಗ!

ಬರಲಿಲ್ಲವಂತೆ! ಅಕ್ಕ ಮಗುವನ್ನು ಸೊಂಟಕ್ಕೇರಿಸಿಕೊಂಡು ಮೂರು ಸಲ ಬಂದಿದ್ದಳು. ಮೂರು ಸಲವೂ ಕೌಂಟರಿನಲ್ಲಿ ಒಂದೇ ಮಾತು: “ಡಾಕ್ಟ್ರು ಊರಲ್ಲಿಲ್ಲ, ಮುಂದಿನ ತಿಂಗ್ಳು ಬನ್ನಿ.” ಡಾಕ್ಟರು ನೋಡದವರನ್ನು ಬಂದವರೆಂದು ಬರೆಯುವ ಪದ್ಧತಿಯೇ ಇಲ್ಲಿರಲಿಲ್ಲ. ಈಗ ಹೊರಗೆ ಮಾಡಿಸಿದ ಸ್ಕ್ಯಾನಿನ ಪ್ರಕಾರ ಆ ಕಿಡ್ನಿಯಲ್ಲಿ ಉಳಿದಿರುವುದು ಕಾಲು ಭಾಗ ಶಕ್ತಿ. ಇನ್ನೂ ತಡಮಾಡಿದರೆ ಅದೂ ಹೋದಂತೆಯೇ. ಡಾಕ್ಟರೋ, ನಾಳೆ ವಿಮಾನ ಹತ್ತಿದರೆ ಬರುವುದು ಮುಂದಿನ ತಿಂಗಳಿಗೆ.

ಅವಳು ಹಲ್ಲು ಕಚ್ಚಿಕೊಂಡು ಒಂಬತ್ತು ಮನೆಗೂ ಫೋನ್ ಮಾಡಿದಳು.

ಮರುದಿನ ಬೆಳಿಗ್ಗೆ ಡಾಕ್ಟರು ಸೂಟ್‌ಕೇಸ್ ಸಮೇತ ಲೈಬ್ರರಿಗೆ ಬಂದರು. “ಏನಮ್ಮಾ, ನಕ್ಷೆ ರೆಡಿನಾ? ಟ್ಯಾಕ್ಸಿ ಕಾಯ್ತಿದೆ.”

“ರೆಡಿ ಸಾರ್. ಒಂದು ಅಂಕಿ ಮಾತ್ರ ತಪ್ಪು. ಒಂಬತ್ತು ಮಕ್ಕಳು ಬರ್ಲಿಲ್ಲ ಅಂತ ಬರ್ದಿದೀರಿ.”

“ತಪ್ಪೇನು ಬಂತು? ಜನ ಇರೋದೇ ಹಾಗೆ. ಮಗು ಚೆನ್ನಾಗಿ ಆಡ್ಕೊಂಡಿದ್ರೆ ಈ ಕಡೆ ತಲೆ ಹಾಕಿಯೂ ಮಲಗಲ್ಲ.”

“ಸಾಕು ಮಾಡಿ ಸಾರ್!” ಹದಿನೆಂಟು ವರ್ಷದ ನೌಕರಿಯಲ್ಲಿ ಅವಳು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಎದ್ದುಹೋಗಿ ಬಾಗಿಲು ದಬ್ಬಿ ತೆರೆದಳು.

ಹೊರಗೆ ಬೆಂಚಿನ ಮೇಲೆ, ನೆಲದ ಮೇಲೆ ಏಳು ಮಕ್ಕಳು, ಅವರ ತಾಯಂದಿರು. ಎಲ್ಲರ ಕೈಯಲ್ಲೂ ‘ಮುಂದಿನ ತಿಂಗಳು’ ಎಂದು ಕೌಂಟರಿನಲ್ಲಿ ಬರೆದುಕೊಟ್ಟ ಹಳೆಯ ಚೀಟಿಗಳು.

“ಇವರೆಲ್ಲ ಬಂದಿದ್ರು. ನೀವು ಇರ್ಲಿಲ್ಲ. ಎಂಟನೇ ಮಗೂಗೆ ಕಿಡ್ನಿ ತೆಗೆದಾಯ್ತಂತೆ. ಒಂಬತ್ತನೇ ಮನೇಲಿ ಯಾರೂ ಫೋನ್ ಎತ್ತಲಿಲ್ಲ.”

ಡಾಕ್ಟರು ಮುಂದಿದ್ದ ಅಕ್ಕನ ಕೈಯಿಂದ ಸ್ಕ್ಯಾನ್ ತೆಗೆದುಕೊಂಡು ಬೆಳಕಿಗೆ ಹಿಡಿದರು. ಆಮೇಲೆ ಸೂಟ್‌ಕೇಸ್ ಕೆಳಗಿಟ್ಟರು.

“ಇವತ್ತೇ ಆಪರೇಷನ್ ಆಗ್ಬೇಕು. ಮಗು ಬೆಳಿಗ್ಗೆಯಿಂದ ಏನಾದ್ರೂ ಕುಡಿದಿದ್ಯಾ?”

“ಇಲ್ಲ,” ಅಂದಳು ಅಕ್ಕ. “ಖಾಲಿ ಹೊಟ್ಟೇಲೇ ಕರ್ಕೊಂಡು ಬಾ ಅಂತ ನನ್ ತಂಗಿ ಹೇಳಿದ್ಳು.”