ತೆಗಿ ಅಂದರೆ

"ಡಿಗ್ರಿ ಮಾಡವ್ನಂತೆ, ಡಿಗ್ರಿ! ಲೇ ಮುನಿ, ಮಾನಿಟರ್ ಒರೋದು ಇಂಗೇನ್ಲಾ ಬೋಳಿಮಗ್ನೆ? ಕಬ್ಬಿನ ಒರೆ ಇಕ್ಕೊಂಡಂಗೆ ತಲೆ ಮ್ಯಾಲೆ ಇಕ್ಕೊಂಡವ್ನೆ ನೋಡು!"

ಮೆಟ್ಟಿಲ ತುದಿಯಲ್ಲಿ ನಿಂತು ಕೃಷ್ಣಪ್ರಸಾದ್ ಕೂಗಿದ. ಎದುರಿಗೆ ಅವನನ್ನು ಸಾಮಿ ಎನ್ನುತ್ತಿದ್ದೆ; ಇಲ್ಲಿ ಎನ್ನುವುದಿಲ್ಲ. ಅವನ ಬೆನ್ನ ಹಿಂದೆ ನಮ್ಮ ಬ್ಯಾಚಿನ ಮೂವರು ಕಿಸಕ್ಕನೆ ನಕ್ಕರು. ನಾನು ಮಾನಿಟರನ್ನು ತಲೆಯಿಂದ ಎದೆಗೆ ಇಳಿಸಿಕೊಂಡು ಹತ್ತಿದೆ. ಅದು ಆ ದಿನದ ಒಂಬತ್ತನೆಯದು. ತಲೆಯ ಮೇಲೆ ಹೊರುವುದನ್ನು ನಾನು ಕಲಿತದ್ದೇ ಅವನಪ್ಪನ ಹೊಲದಲ್ಲಿ. ಹಾಗಂತ ಹೇಳಿಬಿಡಬೇಕು ಅನ್ನಿಸಿತು. ಹತ್ತನೆಯದಕ್ಕೆ ಕೆಳಗಿಳಿದೆ.

ಧರ್ಮಪುರಿ ಬಸ್ ಸ್ಟ್ಯಾಂಡಿನ ಹಿಂದೆ, ಮಾಳಿಗೆಯ ಮೇಲೆ ಅವನ ಕಂಪ್ಯೂಟರ್ ಸೆಂಟರ್. ಪದವೀಧರರಿಗೆ ಆರು ತಿಂಗಳ ಫೌಂಡೇಶನ್ ಕೋರ್ಸು, ಸಿಸ್ಟಮ್ ಸಪೋರ್ಟ್ ಮತ್ತು ಅಡ್ಮಿನಿಸ್ಟ್ರೇಶನ್, ಮುಗಿಸಿದವರಿಗೆ ಕೆಲಸ ಗ್ಯಾರಂಟಿ ಎಂದು ಬೋರ್ಡಿನಲ್ಲಿ ತಮಿಳು, ಇಂಗ್ಲಿಷ್ ಎರಡರಲ್ಲೂ ಬರೆಸಿದ್ದ. ತೊಂಬತ್ತೆಂಟನೇ ಇಸವಿ. ಕಂಪ್ಯೂಟರ್ ಕಲಿತವನಿಗೆ ಬದುಕು ಬಂಗಾರ ಎಂದು ಜನ ಹುಚ್ಚೆದ್ದು ನಂಬಿದ್ದ ಕಾಲ. ನಾನೂ ನಂಬಿದ್ದೆ.

ಪಾಲಕೋಡ್ ಕಡೆಯ ನಮ್ಮೂರಲ್ಲಿ ಹೊಲವೆಲ್ಲ ಕೃಷ್ಣಪ್ರಸಾದನ ಮನೆಯವರದು, ಅದರಲ್ಲಿ ಆಡುವ ಕೈಯೆಲ್ಲ ಊರಾಚೆಯ ನಮ್ಮ ಕಾಲನಿಯದು. ಆ ಕಾಲನಿಯಲ್ಲಿ ಬಿಎಸ್ಸಿ ಪಾಸಾದ ಮೊದಲಿಗ ನಾನು. ಅಪ್ಪ ನಾರಪ್ಪ ನನ್ನನ್ನು ಕರೆದುಕೊಂಡು ಹೋಗಿ ಅವನ ಮುಂದೆ ನಿಲ್ಲಿಸಿದ.

"ನಿನ್ ಮಗನ್ಗೆ ಫೀಸು ಬ್ಯಾಡ ಕಣ್ ನಾರಪ್ಪ. ಸಣ್ಣಪುಟ್ಟ ಕೆಲ್ಸ ಮಾಡ್ಕೊಂಡು ಕಲೀಲಿ. ಒರಿಜಿನಲ್ ಎಲ್ಲಾ ನನ್ ತಾವ ಇರ್ಲಿ. ಕೋರ್ಸ್ ಮುಗ್ದ್ ದಿನ ಕೊಡ್ತೀನಿ."

ಅಪ್ಪ ಬಗ್ಗಿ ಕೈಮುಗಿದ. ನನ್ನ ಹತ್ತನೇ ಕ್ಲಾಸು, ಹನ್ನೆರಡನೇ ಕ್ಲಾಸು, ಡಿಗ್ರಿ, ಜಾತಿ ಸರ್ಟಿಫಿಕೇಟು ಎಲ್ಲವೂ ಕಬ್ಬಿಣದ ಬೀರುವಿನೊಳಕ್ಕೆ ಹೋದವು. ಬೀಗದ ಕೈ ಅವನ ಪ್ಯಾಂಟಿನ ಜೇಬಿಗೆ ಹೋಯಿತು.

ಬೆಳಿಗ್ಗೆ ಏಳಕ್ಕೆ ಷಟರ್ ಎತ್ತಿ ಗುಡಿಸುವುದು, ಕಕ್ಕಸು ತೊಳೆಯುವುದು, ಎಲ್ಲರಿಗೂ ಟೀ ತರುವುದು ನನ್ನ ಸಣ್ಣಪುಟ್ಟ ಕೆಲಸ. ಟೀ ಅಂಗಡಿಯಿಂದ ತರುವ ಕೈ ನನ್ನದು; ಆದರೆ ಅವರ ಕುಡಿಯುವ ನೀರಿನ ಮಡಕೆಯನ್ನು ಆ ಕೈ ಮುಟ್ಟಕೂಡದು. ಕಂಪ್ಯೂಟರ್ ಮುಟ್ಟುವ ನನ್ನ ಸರದಿ ಎಲ್ಲರದೂ ಮುಗಿದ ಮೇಲೆ; ಅಷ್ಟರಲ್ಲಿ ಕರೆಂಟು ಹೋಗಿರುತ್ತಿತ್ತು. ರಟ್ಟಿನ ಮೇಲೆ ಕೀಬೋರ್ಡ್ ಬರೆದುಕೊಂಡು ಊರಿಗೆ ಹೋದಾಗ ಜಗಲಿಯ ಮೇಲೆ ಕೂತು ಒತ್ತುತ್ತಿದ್ದೆ.

"ಒತ್ತಿದ್ರೆ ಏನ್ ಬತ್ತದೆ ಮಗಾ?" ಎಂದು ಅವ್ವ ದೊಡ್ಡಮುನಿಯಮ್ಮ ಕೇಳಿದಳು.

"ಏನೂ ಬರಲ್ಲವ್ವಾ. ಬರೀ ರಟ್ಟು."

"ಮತ್ಯಾಕ್ ಒತ್ತೀಯೆ?"

ನಾನು ಒತ್ತುತ್ತಲೇ ಇದ್ದೆ.

ಪಾಠ ಹೇಳುವ ಗಣೇಶನ್ ಸಾರ್ ಒಳ್ಳೆಯವರು. ಉಳಿದವರು ಊಟಕ್ಕೆ ಹೋದಾಗ "ಉಕ್ಕಾರ್ ತಂಬಿ" ಎಂದು ತಮ್ಮ ಕುರ್ಚಿಯಲ್ಲೇ ಕೂರಿಸುತ್ತಿದ್ದರು. ಸರ್ವರ್ ನೋಡಿಕೊಳ್ಳುವುದನ್ನು ಆ ಅರ್ಧರ್ಧ ಗಂಟೆಗಳಲ್ಲೇ ಕಲಿತೆ. ಕಂಪ್ಯೂಟರಿನೊಳಗಿನ ಕಸದ ಬುಟ್ಟಿಗೂ ಹೋಗದ ಹಾಗೆ ಒಂದೇ ಏಟಿಗೆ ಫೈಲ್ ಅಳಿಸುವುದು ಹೇಗೆ ಎಂಬುದನ್ನೂ ಕಲಿತೆ. ಬ್ಯಾಚಿನಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ ಎಂಬ ಜಂಬ ಬೇರೆ.

ಐದನೇ ತಿಂಗಳು ಸೇಲಂನಿಂದ ಯಾರೋ ಮಿಲ್ಲಿನವರು ಬಂದಿದ್ದರು. ಕಲಿತ ಹುಡುಗರ ಪಟ್ಟಿ, ಮಾರ್ಕು ನೋಡಬೇಕಂತೆ. ಕೃಷ್ಣಪ್ರಸಾದ್ ಅವರೊಡನೆ ಇಂಗ್ಲಿಷಿನಲ್ಲಿ ಹಲ್ಲು ಕಿರಿಯುತ್ತ, ನನ್ನ ಕಡೆ ತಿರುಗಿ ಊರ ಕನ್ನಡದಲ್ಲಿ ಕೂಗಿದ. ಉಳಿದ ಹುಡುಗರಿಗೆಲ್ಲ ಅವನದು ತಮಿಳು. ನನಗೆ ಮಾತ್ರ ಕನ್ನಡ, ನಾನು ಯಾವ ಕಡೆಯಿಂದ ಬಂದವನೆಂದು ಮರೆಯಬಾರದಲ್ಲ.

"ಲೇ ಮುನೀ! ಸರ್ವರ್‌ನಾಗೆ ಮೂರ್ನೇ ಬ್ಯಾಚಿಂದು ಐತಲ್ಲಾ, ಅದ್ನ ತೆಗಿ. ಬಿರ್‍ನೆ!"

ತೆಗಿ. ಹುಟ್ಟಿದಾಗಿನಿಂದ ಆ ಮನೆಯವರ ಬಾಯಲ್ಲಿ ಕೇಳಿದ ಮಾತು. ಸಗಣಿ ತೆಗಿ. ಕಸ ತೆಗಿ. ಸತ್ತ ಕರು ಬಿದ್ದೈತೆ, ತೆಗಿ. ಬಾವಿ ಹೂಳು ತೆಗಿ. ತೆಗಿ ಅಂದರೆ ಅವರ ಕಣ್ಣಿಗೆ ಬೀಳದ ಹಾಗೆ ಮಾಡು ಎಂದರ್ಥ. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಬಾಗಿಲನ್ನೂ ತೆಗಿ ಅನ್ನುತ್ತಾರೆ, ನನಗೆ ಗೊತ್ತು. ಆದರೆ ಅವರ ಮನೆಯ ಬಾಗಿಲು ತೆಗಿ ಎಂದು ನಮಗೆ ಯಾರೂ ಹೇಳಿದವರಿಲ್ಲ. ನಾವು ನಿಲ್ಲುತ್ತಿದ್ದದ್ದು ಹಿತ್ತಲಲ್ಲಿ, ಅಲ್ಲಿ ಬಾಗಿಲಿರಲಿಲ್ಲ.

ತೆಗೆದೆ. ಖಂಡಿತವಾಗಿಯೂ ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಆ ಮಾಳಿಗೆಯಲ್ಲಿ ನನ್ನನ್ನು ಒಂದು ಮಾತು ಕೇಳಿ ಕೆಲಸ ಮಾಡಿದ್ದು ಅದೊಂದೇ. ಹೌದು ಎಂದು ಒತ್ತಿದೆ.

"ಆಯ್ತು ಸಾಮಿ, ಪೂರ್ತಿ ತೆಗ್ದಿವ್ನಿ."

ಮಿಲ್ಲಿನವರು ಖಾಲಿ ಪರದೆ ನೋಡಿ ನಕ್ಕು ಎದ್ದು ಹೋದರು. ಕೃಷ್ಣಪ್ರಸಾದ್ ನನ್ನ ಕೆನ್ನೆಗೆ ಬಾರಿಸಿದ.

"ತೆಗಿ ಅಂದ್ರೆ ಓಪನ್ ಮಾಡು ಅಂತ ಕಣ್ಲಾ, ಕತ್ತೆ ನನ್ಮಗ್ನೆ! ಅಷ್ಟೂ ಗೊತ್ತಾಗಲ್ವಾ?"

"ನೀವು ಯಾವತ್ತೂ ಅಂಗ್ ಏಳಿಲ್ಲ ಸಾಮಿ."

ನಿಜ ಹೇಳಿದ್ದೆ. ಅವನಿಗೆ ಅದು ಎದುರು ಮಾತಾಗಿ ಕೇಳಿಸಿತು. "ಬ್ಯಾಕಪ್ ಇರುಕ್ಕು ಸಾರ್, ಬಯಪ್ಪಡಾದೀಂಗ" ಎಂದು ಧೈರ್ಯ ಹೇಳುತ್ತ ಗಣೇಶನ್ ಸಾರ್ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಫ್ಲಾಪಿಯಿಂದ ವಾಪಸು ತುಂಬಿದರು. ಹೋದದ್ದೇನೂ ಇಲ್ಲ. ಆದರೂ ಅವನು ಹೇಳಿದ: "ಎಲ್ಡ್ ವರ್ಸ ಇಲ್ಲೇ ಬಿದ್ದಿರು. ಆಮ್ಯಾಕ್ ನೋಡಾನ ನಿನ್ ಒರಿಜಿನಲ್ಲು."

ಕೋರ್ಸ್ ಮುಗಿಯಿತು. ಉಳಿದವರೆಲ್ಲ ಸರ್ಟಿಫಿಕೇಟ್ ಹಿಡಿದು ಫೋಟೋ ತೆಗೆಸಿಕೊಂಡರು. ಕುರ್ಚಿ ಹಾಕಿದವನು ನಾನು. ಅದಾದ ಮೇಲೆ ನನಗೊಂದು ಕಾಗದ ಬಂತು. ಗಣೇಶನ್ ಸಾರ್ ಹೇಳಿ ಹಾಕಿಸಿದ್ದ ಅರ್ಜಿಗೆ ಉತ್ತರ. ಸೇಲಂನ ಒಂದು ಕಂಪನಿ, ಸಿಸ್ಟಮ್ ನೋಡಿಕೊಳ್ಳುವ ಕೆಲಸ. ಸೋಮವಾರ ಹನ್ನೊಂದಕ್ಕೆ ಇಂಟರ್‌ವ್ಯೂ. ಒರಿಜಿನಲ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ ಎಂದು ಕೆಳಗೆ ಗೆರೆ ಎಳೆದು ಬರೆದಿದ್ದರು.

ಶನಿವಾರ ಅವನ ಮುಂದೆ ನಿಂತೆ.

"ಒಂದಿನಕ್ ಕೊಡಿ ಸಾಮಿ. ಸಂಜೀಕೆ ತಂದು ಇಲ್ಲೇ ಇಕ್ತೀನಿ."

"ನೀನ್ ಸೇಲಂಗ್ ಓದ್ರೆ ಕಕ್ಕಸ್ ತೊಳ್ಯೋನ್ ಯಾವೋನ್ಲಾ?"

ಗಣೇಶನ್ ಸಾರ್ ನನ್ನ ಪರ ಬಾಯಿ ತೆಗೆದರು. "ಉಂಗ ವೇಲೆಯ ಪಾರುಂಗ" ಎಂದ ಕೃಷ್ಣಪ್ರಸಾದ್. ನಿಮ್ಮ ಕೆಲಸ ನೋಡಿಕೊಳ್ಳಿ ಎಂದು. ಅವರು ತಲೆ ತಗ್ಗಿಸಿ ತಮ್ಮ ಕೆಲಸ ನೋಡಿಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಇದೆ, ಸ್ವಲ್ಪ.

ಸೋಮವಾರ ಆರಕ್ಕೇ ಹೋಗಿ ಷಟರ್ ಎತ್ತಿ ಒಳಗೆ ಬಂದು ಮತ್ತೆ ಕೆಳಗೆ ಎಳೆದೆ. ಅದು ಎಂದೂ ಪೂರ್ತಿ ಇಳಿಯುತ್ತಿರಲಿಲ್ಲ, ಕೆಳಗೆ ಒಂದು ಗೇಣು ಸಂದಿ ಉಳಿಯುತ್ತಿತ್ತು. ಒಳಗಿನ ಚಿಲಕ ಹಾಕಿದೆ. ಹಾರ್ಡ್‌ವೇರ್ ಪಾಠದ ಸ್ಕ್ರೂಡ್ರೈವರ್ ತಂದು ಬೀರುವಿನ ಬಾಗಿಲ ಸಂದಿಗೆ ಇಟ್ಟು ಮೀಟಿದೆ. ಬಣ್ಣ ಕಿತ್ತು ಬಂತು. ಅಂಗೈ ಕಿತ್ತು ಬಂತು. ಸ್ಕ್ರೂಡ್ರೈವರ್ ಸೊಟ್ಟಗಾಯಿತು. ಬೀರು ಮಾತ್ರ ಅಲುಗಲಿಲ್ಲ. ಕೆಳಗೆ ಸೇಲಂ ಬಸ್ಸುಗಳು ಹಾರ್ನ್ ಹೊಡೆದು ಒಂದೊಂದಾಗಿ ಹೋಗುತ್ತಿದ್ದವು. ಎಂಟರ ಬಸ್ಸೂ ಹೋಯಿತು. ನನಗೆ ಅಳು ಬಂತು, ಅತ್ತೆ.

ಒಂಬತ್ತಕ್ಕೆ ಷಟರ್ ದಡದಡ ಎಂದಿತು.

"ಲೇ ಮುನಿ! ಒಳಗೆ ಏನ್ಲಾ ಮಾಡ್ತಿದೀಯೆ? ತೆಗಿ!"

"ಏನ್ ತೆಗೀಬೇಕು ಸಾಮಿ? ಸರ್ಯಾಗ್ ಏಳಿ."

ಷಟರಿಗೆ ಒದೆ ಬಿತ್ತು.

"ಬಾಗ್ಲು ತೆಗಿಯೋ ಸೂಳೆಮಗ್ನೆ!"

"ಬೀರು ತೆಗೀರಿ ಸಾಮಿ. ಬೀಗದ ಕೈ ಸಂದೀನಾಗ್ ತಳ್ಳಿ, ಬಾಗ್ಲು ತೆಗೀತೀನಿ."

"ಪೋಲೀಸ್ನ ಕರೀತೀನ್ ಕಣೋ! ಕಳ್ತನ ಅಂತ ಬರೆಸ್ತೀನಿ, ನಿನ್ ಜನ್ಮದಾಗೆ ಕೆಲ್ಸ ಸಿಗಬಾರ್ದು, ಅಂಗ್ ಮಾಡ್ತೀನಿ!"

ಬರೆಸಬಲ್ಲ. ನನಗೆ ಗೊತ್ತಿತ್ತು. ಬೀರುವಿಗೆ ಒರಗಿ ಕೂತೆ. ಒಂಬತ್ತೂವರೆಯ ಬಸ್ಸು ಸಿಕ್ಕರೂ ಹನ್ನೊಂದಕ್ಕೆ ಹೇಗೋ ಮುಟ್ಟಬಹುದು ಎಂದು ಆಗಲೂ ಲೆಕ್ಕ ಹಾಕುತ್ತಿದ್ದೆ.

ಆ ಗಲಾಟೆಯ ಮಧ್ಯೆ ಇನ್ನೊಂದು ದನಿ ಕೇಳಿಸಿತು. ಮೆಲ್ಲನೆಯ ದನಿ.

"ಮುನೀ... ಇನ್ನಾ ಓಗಿಲ್ವಾ ಮಗಾ? ಬಸ್ ತಾವ ಕಾಯ್ಕಂಡ್ ನಿಂತಿದ್ನಲ್ಲಪ್ಪಾ. ಅಂಗಿ ಇಸ್ತ್ರಿ ಮಾಡ್ಸ್ಕಂಡ್ ಬಂದಿವ್ನಿ."

ಅಪ್ಪ. ಒರಿಜಿನಲ್ ಸಿಕ್ಕಿಲ್ಲ ಎಂದು ನಾನು ಮನೆಯಲ್ಲಿ ಹೇಳಿರಲಿಲ್ಲ.

"ನಾರಪ್ಪಾ, ನಿನ್ ಮಗನ್ಗೆ ತೆಗೀ ಅನ್ನು!"

"ತೆಗೀತಾನೆ ಸಾಮಿ, ತೆಗೀತಾನೆ. ಮೊದ್ಲು ಅಂಗಿ ಇಕ್ಕಳ್ಳಿ. ಒತ್ತಾಯ್ತು ಮಗಾ, ಬಿರ್‍ನೆ ಇಕ್ಕೋ."

ಷಟರಿನ ಕೆಳಗಿನ ಸಂದಿಯಲ್ಲಿ ಪೇಪರಿನಲ್ಲಿ ಸುತ್ತಿದ ಪೊಟ್ಟಣ ಒಳಗೆ ಬಂತು, ಅದರ ಹಿಂದೆ ಅಪ್ಪನ ಕೈ. ಕಬ್ಬಿನ ಸೋಗೆ ಕೊಯ್ದ ಗಾಯಗಳು, ಕಪ್ಪು ಉಗುರು. ನಾನು ಹೊಸ ಅಂಗಿ ಹಾಕಿಕೊಂಡೆ. ಅಪ್ಪನ ಕಂಕುಳಿನ ಕಾವಿಗೆ ಇನ್ನೂ ಬೆಚ್ಚಗಿತ್ತು. ಕುತ್ತಿಗೆಯ ಗುಂಡಿಯನ್ನೂ ಹಾಕಿದೆ.

ಅಪ್ಪನ ಕೈ ಒಳಗೇ ಇತ್ತು. ಹಳೇ ಅಂಗಿ ಕೊಡು ಎಂದು ಬೆರಳಾಡಿಸುತ್ತಿತ್ತು. ಸಂದಿಯಲ್ಲಿ ಕೃಷ್ಣಪ್ರಸಾದನ ಕಪ್ಪು ಬೂಟು ಬಂದು ಆ ಬೆರಳುಗಳ ಪಕ್ಕ ನಿಂತಿತು.

"ತೆಗೀತೀಯೋ ಇಲ್ವೋ?"

ಬೂಟು ಮೇಲೆದ್ದಿತು. ನನ್ನ ಕೈ ಚಿಲಕದ ಮೇಲಿತ್ತು.