ಹಗಲಿನ ಅರುಂಧತಿ

ಎಪ್ಪತ್ತೈದನೇ ಇಸವಿಯ ವೈಶಾಖ. ಇಂಡಿ ಊರಿನಲ್ಲಿ ಬಿಸಿಲೆಂದರೆ ಬಿಸಿಲು. ತಾಳಿ ಕಟ್ಟಿಸಿ, ಸಪ್ತಪದಿ ತುಳಿಸಿ, ಆಚಾರ್ಯರು ಮದುಮಕ್ಕಳನ್ನು ಹಂದರದ ಹೊರಗೆ ಕರೆತಂದು ಬೆಳ್ಳನೆಯ ಆಕಾಶಕ್ಕೆ ಬೆರಳು ಮಾಡಿದರು.

"ಅಲ್ಲಿ ನೋಡವಾ, ವಸಿಷ್ಠರ ಬಗಲಿಗೆ ಅರುಂಧತಿ ನಕ್ಷತ್ರ. ಕಾಣಸ್ತೇನು?"

ನಡುಮಧ್ಯಾಹ್ನದಲ್ಲಿ ನಕ್ಷತ್ರ! ತಲೆತಲಾಂತರದಿಂದ ಮದುಮಗಳು ಕತ್ತೆತ್ತಿ ಕಂಡೆ ಎನ್ನುತ್ತಾಳೆ, ನೆರೆದವರು ಊಟದ ಎಲೆಯ ಕಡೆಗೆ ಓಡುತ್ತಾರೆ. ಅಷ್ಟೇ ಶಾಸ್ತ್ರ. ಪಕ್ಕದ ಮನೆಯ ಸಿದ್ದವ್ವ ಯಾರೂ ಕೇಳದಿದ್ದರೂ, "ನನಗೂ ಕಾಣಾಕತ್ತೈತ್ರಿ" ಎಂದಳು. ಉಳಿದವರು ಹೂಂಗುಟ್ಟಿದರು.

ಮದುಮಗಳು ರುಕ್ಮಿಣಿ ಕಣ್ಣು ಕಿರಿದು ಮಾಡಿ ನೋಡಿದಳು. ಎಲ್ಲರಿಗೂ ಕಾಣುತ್ತಿದೆ, ತನಗೊಬ್ಬಳಿಗೇ ಇಲ್ಲ.

ಅವಳಿಗೆ ಯಾವತ್ತೂ ಕಂಡಿರಲಿಲ್ಲ. ಆರು ಮಾರು ಆಚೆಗೆ ಅವಳ ಜಗತ್ತು ನೀರಲ್ಲಿ ಕಲಸಿದ ಬಣ್ಣ. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಅಜ್ಜಿಯ ಮಗ್ಗುಲಲ್ಲಿ ಮಲಗಿ, ಏಳು ಋಷಿಗಳ ಕತೆ, ಗಂಡನನ್ನು ಬಿಟ್ಟಗಲದ ಅರುಂಧತಿಯ ಕತೆ ಕೇಳುತ್ತ ನಿದ್ದೆ ಹೋಗುತ್ತಿದ್ದಳು. ಅಜ್ಜಿ ಬೆರಳು ಮಾಡಿದತ್ತ ಕಪ್ಪು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಆದರೂ ಯಾರ ಪಕ್ಕ ಯಾರು ಎಂಬುದು ಅವಳಿಗೆ ಬಾಯಿಪಾಠ. ಉಳಿದವರಿಗೆ ರಾತ್ರಿ ಕಾಣುವುದು ಹಗಲೂ ಕಾಣುತ್ತದೇನೋ, ಯಾರಿಗೆ ಗೊತ್ತು? ಕಣ್ಣಿನ ಸುದ್ದಿ ತೆಗೆಯಬೇಡವೆಂದು ತಾಯಿ ಭಾಗೀರಥೀಬಾಯಿ ಹೆಣ್ಣು ನೋಡುವ ದಿನವೇ ತಾಕೀತು ಮಾಡಿದ್ದಳು. ಆದರೆ ಹೋಮದ ಅಗ್ನಿ ಇನ್ನೂ ಉರಿಯುತ್ತಿತ್ತು. ಅದರ ಮುಂದೆ ಸುಳ್ಳು ಹೇಳಲು ರುಕ್ಮಿಣಿಗೆ ಬಾಯಿ ಬರಲಿಲ್ಲ.

"ಇಲ್ರಿ. ನನಗ ಕಾಣಸೂದಿಲ್ಲ. ರಾತ್ರಿನೂ ಕಾಣಸೂದಿಲ್ಲ. ನನ್ನ ಕಣ್ಣು ಮೊದಲಿಂದ ಹಿಂಗ ಅವ."

ಸನಾದಿ ಊದುವವರೂ ನಿಲ್ಲಿಸಿಬಿಟ್ಟರು. ಭಾಗೀರಥೀಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. "ಕಣ್ಣಿಲ್ಲದ ಹುಡುಗೀನ್ನ ನಮ್ಮ ಹುಡುಗನ ಕೊರಳಿಗೆ ಕಟ್ಟಿದ್ರೇನು?" ಎಂದು ಅತ್ತೆ ಏರಿಬಂದಳು. ತನ್ನ ಸಂಸಾರ ಹಂದರದಲ್ಲೇ ಮುಗಿಯಿತೆಂದುಕೊಂಡಳು ರುಕ್ಮಿಣಿ.

ಮದುಮಗ ಗುರುರಾಜ ಬಸವನ ಬಾಗೇವಾಡಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಅವನು ನಗು ತಡೆಯಲಾರದೆ ಕೆಮ್ಮಿದ.

"ಅವ್ವಾ, ನನಗೂ ಕಾಣಸೂದಿಲ್ಲ. ಇಲ್ಲಿ ಯಾರಿಗೂ ಕಾಣಸೂದಿಲ್ಲ. ಆ ಚುಕ್ಕಿ ಈಗ ನಮ್ಮ ಕಾಲ ಕೆಳಗ, ಭೂಮಿ ಆ ಕಡೆ ಅದ. ಇಷ್ಟು ಮಂದಿಯೊಳಗ ಖರೇ ಹೇಳಿದಾಕಿ ಇಕಿ ಒಬ್ಬಾಕಿನ." ಆಮೇಲೆ ದನಿ ತಗ್ಗಿಸಿದ. "ಫೋಟೋದಾಗ ಛಲೋ ಕಾಣಸೂದಿಲ್ಲಂತ ನನ್ನ ಚಸಮಾ ನೀನ ಬಿಚ್ಚಿ ಇಟ್ಕೊಂಡೀ ಅಲ್ಲಾ? ಮುಂಜಾನಿಂದ ನಾನೂ ಅಂದಾಜಿನ ಮ್ಯಾಲೇ ನಡದೇನಿ."

ಅತ್ತೆ ಮುಖ ಆಚೆಗೆ ತಿರುಗಿಸಿದಳು. ಯಾರೋ ಕಿಸಕ್ಕೆಂದರು, ಸನಾದಿ ಮತ್ತೆ ಶುರುವಾಯಿತು. ರುಕ್ಮಿಣಿ ತನ್ನ ಕಾಲುಂಗುರದ ಬೆರಳುಗಳನ್ನು ನೋಡಿಕೊಂಡಳು. ಅವುಗಳ ಕೆಳಗೆ ಮಣ್ಣು, ಮಣ್ಣಿನ ಕೆಳಗೆ ಕಪ್ಪುಕಲ್ಲು, ಅದರಾಚೆ ಎಲ್ಲೋ ರಾತ್ರಿ. ಅಲ್ಲಿ ಅಜ್ಜಿಯ ಋಷಿಗಳು ಅವಸರವಿಲ್ಲದೆ ಈ ಕಡೆಗೆ ನಡೆದುಬರುತ್ತಿದ್ದಾರೆ. ಮಧ್ಯಾಹ್ನವಿಡೀ ಅವರ ಹೆಜ್ಜೆ ಅವಳ ಅಂಗಾಲಿಗೆ ತಾಗಿದಂತಾಗುತ್ತಿತ್ತು.

ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ಗುರುರಾಜ ಅವಳನ್ನು ಮಾಳಿಗೆಗೆ ಕರೆದ. ಅತ್ತೆ ಗೊಣಗುತ್ತಲೇ ತಂದುಕೊಟ್ಟಿದ್ದ ಚಸಮಾವನ್ನು ಅವಳ ಮೂಗಿನ ಮೇಲೆ ಇಟ್ಟ.

ರುಕ್ಮಿಣಿ ಮಾಳಿಗೆಯ ಗೋಡೆ ಹಿಡಿದುಕೊಂಡಳು. ಇಷ್ಟೊಂದು ಇದ್ದವೆ? ಇಷ್ಟು ದಿನವೂ? ಅಳು ಬಂತು. ಅಳುತ್ತಲೇ ಎಣಿಸಿದಳು. ಏಳು. ಋಷಿಗಳ ಸಾಲಿನ ಬಾಲದ ತುದಿಯಿಂದ ಎರಡನೆಯವನು ವಸಿಷ್ಠ. ಅವನ ಮಗ್ಗುಲಿಗೆ, ಅಜ್ಜಿ ಹೇಳಿದಲ್ಲೇ, ಸಾಸಿವೆ ಕಾಳಿನಷ್ಟು ಬೆಳಕು.

"ಆ ಬೆಳಕು ಅಲ್ಲಿಂದ ಹೊಂಟು ಎಂಬತ್ತು ವರ್ಷದ ಸುಮಾರಾತು," ಎಂದ ಗುರುರಾಜ.

ಹೋದ ವರ್ಷ ತೀರಿಕೊಂಡ ಅಜ್ಜಿಗೂ ಎಂಬತ್ತೇ. ಅವಳು ತನ್ನ ಹುಟ್ಟೂರು ಲಚ್ಯಾಣದ ತೊಟ್ಟಿಲಲ್ಲಿದ್ದಾಗ ಹೊರಟದ್ದು ಇವತ್ತು ಮೊಮ್ಮಗಳನ್ನು ಬಂದು ಮುಟ್ಟಿತ್ತು.

"ಕಂಡಳೇನು ಅರುಂಧತಿ?"

"ಹೂಂ. ನಿಮಗ?"

"ಚಸಮಾ ನಿನ್ನ ಕಡೆ ಅದ. ನನಗ ಬರೇ ಕತ್ತಲಿ."

ರುಕ್ಮಿಣಿ ಅವನ ಪಕ್ಕಕ್ಕೆ ಸರಿದು ನಿಂತಳು. ಆಮೇಲೆ ಗಂಡನ ತೋರುಬೆರಳು ಹಿಡಿದು ಮೇಲಕ್ಕೆತ್ತಿ, ಅಜ್ಜಿ ಶುರು ಮಾಡುತ್ತಿದ್ದ ಹಾಗೆಯೇ ಶುರು ಮಾಡಿದಳು.

"ಏಳು ಮಂದಿ ಋಷಿಗಳಿದ್ರಂತ..."