ನಿದ್ದೆ ಬಿಟ್ಟ ಕಾವಲುಗಾರ

ಲೊಕ್ಕನಹಳ್ಳಿಯಲ್ಲಿ ಕಾಡಿನಂಚಿಗೆ ಹೊಲ ಇರುವವರಿಗೆ ಬೆಳೆ ಬೆಳೆಯುವುದಕ್ಕಿಂತ ಅದನ್ನು ಮನೆಗೆ ತರುವುದೇ ದೊಡ್ಡ ಕೆಲಸ. ತೆನೆ ಬಲಿಯುವ ಹೊತ್ತಿಗೆ ಸರಿಯಾಗಿ ಆನೆ ಬರುತ್ತದೆ, ಹಂದಿ ಬರುತ್ತದೆ. ಅದಕ್ಕೇ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಮನೆಗೊಬ್ಬರು ರಾತ್ರಿ ಕಾವಲು ಕೂರುತ್ತಾರೆ.

ಮುತ್ತಯ್ಯನ ಮನೆಯಿಂದ ಕೂರುತ್ತಿದ್ದವನು ಅವನ ಮಗ ಪ್ರಭುಸ್ವಾಮಿ. ಇಪ್ಪತ್ತರ ಹುಡುಗ. ಜೋಳ ಕಾಯುವ ದಿನಗಳಲ್ಲಿ ಅವನಿಗೆ ನಿದ್ದೆಯೇ ಬಾರದಾಯಿತು. ರಾತ್ರಿಯೂ ಇಲ್ಲ, ಹಗಲೂ ಇಲ್ಲ. ಇದನ್ನು ಕಂಡು ಯಾರಾದರೂ ಹೆದರಬೇಕಿತ್ತು. ನಮ್ಮ ಜನ ಹೊಗಳಿದರು.

"ನನ್ ಮಗ ರೆಪ್ಪೆ ಮುಚ್ಚಾಕಿಲ್ಲ ಕಣ್ಲಾ. ಅವ ಮನಿಕ್ಕಂಡ್ರೆ ತಾನೆ ಆನೆ ಬರೋದು!" ಎಂದು ಮುತ್ತಯ್ಯ ಟೀ ಅಂಗಡಿಯಲ್ಲಿ ಮೀಸೆ ತಿರುವಿದ. ಪಕ್ಕದ ಹೊಲದ ದೊಡ್ಡಸಿದ್ದಯ್ಯ ತನ್ನ ಹೊಲವನ್ನೂ ಆ ಹುಡುಗನಿಗೇ ಒಪ್ಪಿಸಿ, ಮನೆಯಲ್ಲಿ ಹಾಯಾಗಿ ಗೊರಕೆ ಹೊಡೆದ.

ಆಮೇಲೆ ಪ್ರಭುಸ್ವಾಮಿ ಆನೆ ಓಡಿಸುವ ತಗಡನ್ನು ಹಾಡುಹಗಲೇ ಬಡಿಯತೊಡಗಿದ. ಇಲ್ಲದ ಆನೆಯ ಹಿಂದೆ ಓಡಿದ. ಊಟ ಬಿಟ್ಟ, ಸ್ನಾನ ಬಿಟ್ಟ. ಹೊಗಳಿದ ಬಾಯಿಗಳೇ 'ಹುಚ್ಚ' ಎಂದವು. ತಾಯಿ ಗೋವಿಂದಮ್ಮ ಹರಕೆ ಹೊತ್ತಳು, ತಾಯತ ಕಟ್ಟಿಸಿದಳು. ಕೊನೆಗೆ ಆಶಾ ಕಾರ್ಯಕರ್ತೆ ಪುಷ್ಪ ಎಲ್ಲರನ್ನೂ ಬೈದು, ತಾನೇ ಜೊತೆಗೆ ಹೊರಟು, ಅವನನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಕರೆದೊಯ್ದಳು. ಮಾತ್ರೆ ಕೊಟ್ಟರು. ಹುಡುಗ ಮಲಗಿದ. ಹೊಟ್ಟೆ ತುಂಬ ಉಂಡ. ಒಂದು ದಿನ ಅವ್ವನನ್ನು ನೋಡಿ ನಕ್ಕ.

ಅಷ್ಟರಲ್ಲಿ ರಾಗಿ ತೆನೆಗೆ ಬಂತು. ಅಪ್ಪ ಅವನನ್ನು ಮತ್ತೆ ಕಾವಲಿಗೆ ಹತ್ತಿಸಿದ. ಮಾತ್ರೆ ತಿಂದ ಹುಡುಗ ತೂಕಡಿಸಿದ. ಹಂದಿಗಳು ಹೊಲದ ಒಂದು ಮೂಲೆ ತಿಂದು ಹೋದವು. "ಈ ಮಾತ್ರೆ ನನ್ ಮಗನ್ನ ಕೆಡಿಸ್ಬುಡ್ತು" ಎಂದು ಮುತ್ತಯ್ಯ ಪೊಟ್ಟಣವನ್ನು ತಿಪ್ಪೆಗೆಸೆದ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಮಂಪರು ಬರುತ್ತದೆ ಎಂದು ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಅವರೇ ಏನಾದರೂ ದಾರಿ ಹುಡುಕುತ್ತಿದ್ದರು. ಯಾರೂ ಹೇಳಲಿಲ್ಲ.

ಕಾಯಿಲೆ ಮರಳಿತು. ಈ ಸಲ ಪ್ರಭುಸ್ವಾಮಿ ಅಟ್ಟಣೆಯಿಂದ ಇಳಿಯಲೇ ಒಪ್ಪಲಿಲ್ಲ. ಗೋವಿಂದಮ್ಮ ತಟ್ಟೆ ಹಿಡಿದು ಮರದ ಬುಡದಲ್ಲಿ ಅಳುತ್ತಾ ನಿಲ್ಲುವಳು. ಮಗ ಮೇಲಿಂದ ಬಿದ್ದರೆ? ಕಾಡಿಗೆ ನುಗ್ಗಿಬಿಟ್ಟರೆ? ಆ ತಾಯಿಯ ಸಂಕಟ ಶತ್ರುವಿಗೂ ಬೇಡ.

ಪುಷ್ಪ ಮತ್ತೆ ಬಂದಳು. ಜೊತೆಗೊಬ್ಬ ಸಣಕಲು ಯುವಕ.

"ಯಾರಮ್ಮ ಇವ? ಡಾಕ್ಟ್ರಾ?" ಮುತ್ತಯ್ಯ ಕೇಳಿದ.

"ಅಲ್ಲ ಮುತ್ತಯ್ಯಣ್ಣ. ಕೊಳ್ಳೇಗಾಲದ ನೇಯ್ಗೆ ಮನೆ ಉಡ್ಗ, ಹೇಮಂತ್ ಅಂತ. ಇವನ್ಗೂ ಇಂಥದೇ ಕಾಯ್ಲೆ ಬಂದಿತ್ತು. ಔಸ್ದಿ ತಕಂಡು ಚೇತರಿಸ್ಕಂಡ. ಈಗ ತರಬೇತಿ ಪಡ್ದು ಇಂಥ ಉಡುಗ್ರಿಗೆ ಜೊತೆಗಾರ ಆಗವ್ನೆ."

"ಓಹೋ! ಒಬ್ಬ ಉಚ್ಚಂಗೆ ಇನ್ನೊಬ್ಬ ಉಚ್ಚನ್ನ ಕರ್ಕಂಡ್ ಬಂದ್ಯಾ?"

ಹೇಮಂತನ ಮುಖ ಚಿಕ್ಕದಾಯಿತು. ಆದರೂ ಅವನು ಹಿಂದಿರುಗಿ ಹೋಗಲಿಲ್ಲ. "ನಮ್ಮಪ್ಪನೂ ನನ್ನ ಇಂಗೇ ಅಂದಿದ್ರು ಯಜಮಾನ್ರೇ. ಆ ಮರದ ಕೆಳ್ಗೆ ವಸಿ ಕುಂತ್ಕಳ್ಲಾ?"

"ಕುಂತ್ಕ ಓಗು. ನಂಗೇನು."

ಹೇಮಂತ ಹೋಗಿ ಕುಳಿತ. ಇಳಿ ಎನ್ನಲಿಲ್ಲ, ಬುದ್ಧಿ ಹೇಳಲಿಲ್ಲ. ಪ್ರಭುಸ್ವಾಮಿ ಮೇಲಿಂದ ಬೈದ, ಸೌದೆ ತುಂಡು ಎಸೆದ. ಹೇಮಂತ ಮಾರನೆಯ ದಿನವೂ ಬಸ್ಸು ಹತ್ತಿ ಬಂದ. ಆಮೇಲೂ ಬಂದ. ಒಂದು ಮಧ್ಯಾಹ್ನ ಮೇಲಿಂದ ದನಿ ಬಂತು.

"ನಿಂಗೆ ಕೇಳ್ತಾ ಅದಾ, ಆನೆ ಸದ್ದು?"

"ನಂಗೆ ಕೇಳ್ತಿಲ್ಲ. ನಿಂಗೆ ಕೇಳ್ತಾ ಅದೆ ಅಂದ್ರೆ ನಂಬ್ತೀನಿ. ನಂಗೆ ಮಗ್ಗದ ಸದ್ದು ಕೇಳೋದು. ಮಗ್ಗ ನಿಂತ್ರೂ ಸದ್ದು ನಿಲ್ತಿರ್ಲಿಲ್ಲ. ಅದ್ರೊಳ್ಗಿಂದ ಯಾರೋ ನನ್ನ ಬಯ್ಯೋರು. ಕಿವಿಗೆ ಬಟ್ಟೆ ತುರುಕ್ಕಂಡು ಕೂರ್ತಿದ್ದೆ."

"ಈಗ?"

"ಈಗ್ಲೂ ಒಂದೊಂದ್ಸಲ ಬತ್ತದೆ. ಬಂದಾಗ ಯಾರ್ಗಾದ್ರೂ ಏಳ್ತೀನಿ. ಮಾತ್ರೆ ತಕಂಡು ನಾನೂ ಮೊದ್ಲು ತೂಕಡಿಸ್ತಿದ್ದೆ. ಡಾಕ್ಟ್ರಿಗೆ ಏಳ್ದೆ, ಬದ್ಲಾಯ್ಸಿ ಕೊಟ್ರು." ಹೇಮಂತ ಕತ್ತೆತ್ತಿ ಅಟ್ಟಣೆಯತ್ತ ನೋಡಿ ಕೇಳಿದ: "ನಿಂಗೆ ಮನಿಕ್ಕಬೇಕು ಅನ್ನಿಸಾಕಿಲ್ವಾ ಪ್ರಭು?"

ಮೇಲಿಂದ ಅಳು ಕೇಳಿಸಿತು. "ಅನ್ನಿಸ್ತದೆ ಅಣ್ಣ. ಮೈಯೆಲ್ಲ ನೋಯ್ತದೆ. ನಾನು ಮನಿಕ್ಕಂಡ್ರೆ ನಮ್ಮಪ್ಪನ ರಾಗಿ ಓಯ್ತದೆ. ನಾನು ಸತ್ರೇನೆ ನಂಗೆ ನಿದ್ದೆ."

ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುತ್ತಯ್ಯನ ಕುಡುಗೋಲು ನಿಂತಿತು. ಅಲ್ಲಿಯವರೆಗೆ ಮಗ ಯಾರಿಗೂ ಇದನ್ನು ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಮುತ್ತಯ್ಯ ಮರದ ಬುಡಕ್ಕೆ ಬಂದು ನಿಂತ. ದೊಡ್ಡ ದನಿಯಲ್ಲಿ ಅತ್ತುಬಿಟ್ಟ.

"ಇಳ್ಕಂಡ್ ಬಾ ಮಗ. ರಾಗಿ ಓದ್ರೆ ಓಗ್ಲಿ."

"ಸುಳ್ಳು ಏಳ್ತೀಯ. ಆಮೇಕೆ ಬಯ್ತೀಯ."

"ಇಲ್ಲ ಕಣಪ್ಪ. ಇವತ್ತು ಈ ಒಲಕ್ಕೆ ಯಾರೂ ಕಾವ್ಲಿಲ್ಲ. ನಿಮ್ಮವ್ವನೂ ನಾನೂ ನಿನ್ ಜೊತೆ ಆಸ್ಪತ್ರೆಗೆ ಬತ್ತೀವಿ."

ಪ್ರಭುಸ್ವಾಮಿ ಅಪ್ಪನನ್ನು ನೋಡಲಿಲ್ಲ, ಹೇಮಂತನನ್ನು ನೋಡಿದ. "ನೀನೂ ಬತ್ತೀಯಾ ಅಣ್ಣ?"

"ಬತ್ತೀನಿ. ಬಸ್ಸಲ್ಲಿ ನಿನ್ ಪಕ್ಕದಲ್ಲೇ ಕೂರ್ತೀನಿ."

ಅವನು ಇಳಿದ. ಅಂದೇ ಹೊರಟರು. ಡಾಕ್ಟರ ಮುಂದೆ 'ಸಾಯಬೇಕು ಅನ್ನಿಸುತ್ತೆ' ಎಂಬ ಮಾತನ್ನು ಬಾಯಿಬಿಟ್ಟು ಹೇಳಲು ಹೇಮಂತನೇ ಧೈರ್ಯ ಕೊಟ್ಟ. ಆಸ್ಪತ್ರೆಯಲ್ಲಿ ಇರಿಸಿಕೊಂಡರು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದು ನಾನು ಹೇಳಲಾರೆ. ಅವರು ಆಸ್ಪತ್ರೆಯಲ್ಲಿದ್ದಾಗ ಆನೆಗಳು ನಿಜವಾಗಿಯೂ ಬಂದವು. ರಾಗಿ ಹೊಲ ನೆಲಸಮವಾಯಿತು. ಮನೆಗೆ ಬಂದ ಪ್ರಭುಸ್ವಾಮಿ ಈಗ ಮಲಗುತ್ತಾನೆ, ಆದರೆ ನಗುವುದಿಲ್ಲ. ಊರಿನ ಹುಡುಗರು ಅವನನ್ನು ಆಟಕ್ಕೆ ಕರೆಯುವುದಿಲ್ಲ. ವಾರಕ್ಕೊಮ್ಮೆ ಹೇಮಂತ ಬಂದಾಗ ಮಾತ್ರ ಜಗಲಿಗೆ ಬಂದು ಕೂರುತ್ತಾನೆ. ಗೋವಿಂದಮ್ಮ ಮರೆಯಲ್ಲಿ ಇನ್ನೂ ಅಳುತ್ತಾಳೆ.

ಒಂದು ದಿನ ಪ್ರಭುಸ್ವಾಮಿ ಹೆದರುತ್ತಲೇ ಕೇಳಿದ: "ಅಪ್ಪ, ರಾಗಿ ಏನಾಯ್ತು?"

"ಓಯ್ತು ಮಗ, ಎಲ್ಲಾ ಓಯ್ತು" ಎಂದ ಮುತ್ತಯ್ಯ. "ನೀನು ಉಳ್ಕಂಡೆ."

ಅಪ್ಪಂದಿರೇ, ಅವ್ವಂದಿರೇ, ಮಕ್ಕಳು ನಿದ್ದೆ ಬಿಟ್ಟರೆ, ಊಟ ಬಿಟ್ಟರೆ, ಇಲ್ಲದ್ದು ಕೇಳಿಸುತ್ತದೆ ಎಂದರೆ ತಡಮಾಡಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಹೇಮಂತನಂಥ ಜೊತೆಗಾರರು ಯಾರಾದರೂ ಇದ್ದಾರೆಯೇ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಇಲ್ಲ ಎಂದರೆ, ಬೇಕು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ಇನ್ನು ಈ ಕಾಯಿಲೆಯ ನೋವುಂಡು ಎದ್ದ ಹುಡುಗ ಹುಡುಗಿಯರೇ, ನೀವು ಅಡಗಿ ಕೂರಬೇಡಿ. ನಿಮ್ಮ ಬೀದಿಯಲ್ಲೇ ಒಬ್ಬರು ಬಾಗಿಲು ಹಾಕಿಕೊಂಡು ಕುಳಿತಿರಬಹುದು. ಒಮ್ಮೆ ಹೋಗಿ ಮಾತಾಡಿಸಿ. ಅವರಿಗೆ ಏನಾಗುತ್ತಿದೆ ಎಂದು ನಿಮಗೆ ಗೊತ್ತಿರುವಷ್ಟು ನಮಗೆ ಯಾರಿಗೂ ಗೊತ್ತಿಲ್ಲ.